ಹೊಲದಮ್ಮನ ಕಣ್ಣು: ಕಿವಿ ಮುಚ್ಚಿಕೊಂಡವನ ಕಾಲು

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅದರ ಸದ್ದನ್ನು ಮಾತ್ರ ಯಾರೋ ಬಾಚಿಕೊಂಡು ಹೋದ ಹಾಗಿತ್ತು.

ಸೀತಾಲಕ್ಷ್ಮಿ ಕತ್ತೆತ್ತಿ ನೋಡಿದರು. ರೆಕ್ಕೆ ಸುತ್ತುತ್ತಿದೆ, ಗಾಳಿ ಬೀಸುತ್ತಿದೆ, ಗೋಡೆಯ ಪಂಚಾಂಗದ ಹಾಳೆ ಪಟಪಟ ಹಾರುತ್ತಿದೆ. ಜಯನಗರದ ಈ ಮನೆಗೆ ಬಂದಂದಿನಿಂದ ಗೊರಗೊರ ಎನ್ನುತ್ತಿದ್ದ ಆ ಮುದಿ ಫ್ಯಾನು ಇವತ್ತು ಮೌನವ್ರತ ಹಿಡಿದು ಕೂತಿತ್ತು. ಅವರ ಎರಡೂ ಕಿವಿಯಲ್ಲಿ ಹುಣಸೆಬೀಜದ ಬಣ್ಣದ ಎರಡು ಪುಟ್ಟ ಇಯರ್ ಬಡ್ಸ್.

ಹಾಕಿಕೊಳ್ಳುವ ಮುಂಚೆ ಒಂದು ಸಣ್ಣ ಧರ್ಮಸಂಕಟ ಆಗಿತ್ತು. ಸ್ನಾನವಾಗಿದೆ, ಪೂಜೆ ಆಗಿಲ್ಲ. ಹತ್ತಾರು ಜನ ಕಿವಿಗೆ ಇಟ್ಟು ತೆಗೆದ ವಸ್ತುವನ್ನು ಮಡಿಯಲ್ಲಿ ಮುಟ್ಟುವುದು ಹೇಗೆ? ಸಿಲಿಕೋನಿಗೆ ಮೈಲಿಗೆ ಇಲ್ಲವೆಂದು ತಮ್ಮನ ಮಗಳು ಸುಮೇಧ ತೀರ್ಪು ಕೊಟ್ಟಳು. ಆದರೂ ಇರಲಿ ಎಂದು ಸೀತಾಲಕ್ಷ್ಮಿ ಅದರ ರಬ್ಬರ್ ಟೋಪಿಗಳನ್ನು ಬಿಚ್ಚಿ, ಅರಿಶಿನದ ನೀರಿನಲ್ಲಿ ಅದ್ದಿ ಒರೆಸಿದ್ದರು.

ಸಾರಕ್ಕಿಯ ಗ್ರಾಮದೇವತೆ ಹೊಲದಮ್ಮನ ಬೆಳ್ಳಿ ಕಣ್ಣುಗಳು ಕಾಣೆಯಾಗಿ ನಾಳೆಗೆ ಒಂದು ವಾರ. ಆ ಬೆಳಗ್ಗೆ ಅವಳ ಪೂಜೆ ನಡೆಸುವ ಮನೆಯಲ್ಲಿದ್ದವರು ಇಬ್ಬರೇ: ಗುಡಿಯೊಳಗೆ ಸೊಸೆ ಶ್ವೇತ, ತಾರಸಿಯ ಮೇಲೆ ಅವಳ ಗಂಡ ನಂದಕುಮಾರ್.

ಇಡೀ ಕಥೆ ಒಂದು ಗಂಟೆಯ ಮೇಲೆ ನಿಂತಿತ್ತು. ಹೊಲದಮ್ಮನಿಗೆ ವಾರವೆಲ್ಲ ಕಣ್ಣಿಲ್ಲ. ಶುಕ್ರವಾರ ಬೆಳಗ್ಗೆ ನೀರು ಹಾಕಿ, ಜೇನುಮೇಣದಲ್ಲಿ ಎರಡು ಬೆಳ್ಳಿ ಕಣ್ಣು ಕೂರಿಸಿ, ಆಮೇಲೆ ಗುಡಿಯ ಗಂಟೆಯನ್ನು ಎಡೆಬಿಡದೆ ಬಾರಿಸಬೇಕು. ಕಣ್ಣು ಕೂರಿಸದೆ ಆ ಗಂಟೆಗೆ ಯಾರೂ ಕೈ ಹಚ್ಚುವುದಿಲ್ಲ. ಗಂಟೆ ಕೇಳಿತೆಂದರೆ ಅಮ್ಮ ಕಣ್ಣು ಬಿಟ್ಟಳು ಎಂದೇ ಲೆಕ್ಕ. ಆಗ ಆ ಹಳೇ ಊರಿನ ಮನೆಗಳವರು ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಕಾಲಿನ ಚಪ್ಪಲಿ ಬಿಟ್ಟು ನೆಲಕ್ಕೆ ಪಾದ ಊರಿ ನಿಲ್ಲುತ್ತಾರೆ.

ತಾನು ಕಣ್ಣು ಕೂರಿಸಿದೆ, ಗಂಟೆ ಬಾರಿಸಿದೆ, ತಂಬಿಟ್ಟಿನ ದೀಪ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕಣ್ಣುಗಳು ಇರಲಿಲ್ಲ ಎಂಬುದು ಶ್ವೇತಳ ಮಾತು. ಕಣ್ಣು ಕೂರಿಸಿಯೇ ಇಲ್ಲ, ಗಂಟೆಯೂ ಆಗಿಲ್ಲ, ಪೆಟ್ಟಿಗೆಯಿಂದ ತೆಗೆದದ್ದು ನೇರವಾಗಿ ಅವಳ ಮಡಿಲು ಸೇರಿತು ಎಂಬುದು ದಾಯಾದಿ ಉಗ್ರಪ್ಪನ ಮಾತು. ಕಲ್ಲಿನ ಮೇಲೆ ಮೇಣ ಇತ್ತಲ್ಲ ಎಂದರೆ, ಅದು ಅಜ್ಜಂದಿರ ಕಾಲದಿಂದ ಮೆತ್ತಿದ ಮೇಣ, ಸಾಕ್ಷಿ ಹೇಳಲು ಅದಕ್ಕೆ ಬಾಯಿಲ್ಲ.

ಬಾಯಿದ್ದ ಸಾಕ್ಷಿ ಒಂದೇ. ಊರಿನವರೆಲ್ಲ ತಲಘಟ್ಟಪುರಕ್ಕೆ ಮದುವೆಗೆ ಹೋಗಿದ್ದರು. ಬಾಡಿಗೆಗಿದ್ದ ಹುಡುಗರು ಕೆಲಸಕ್ಕೆ ಹೊರಟಿದ್ದರು. ಉಳಿದವನು ನಂದಕುಮಾರ್. ಅವನು ಹೇಳಿದ್ದು ಇಷ್ಟೇ: ವೀಡಿಯೊ ಮಾಡುತ್ತಿದ್ದೆ, ಕಿವಿಯಲ್ಲಿ ಸದ್ದಡಗಿಸುವ ಬಡ್ಸ್ ಇತ್ತು, ಏನೂ ಕೇಳಿಸಲಿಲ್ಲ.

ನಾಳೆ ಶುಕ್ರವಾರ ದಾಯಾದಿಗಳು ಸೇರುತ್ತಾರೆ. ಶ್ವೇತ ಗಂಟೆ ಹೊಡೆದದ್ದು ನಿಜವೆಂದು ತೋರದೆ ಹೋದರೆ ಗುಡಿಯ ಬೀಗದ ಕೈ ಉಗ್ರಪ್ಪನ ಮನೆಗೆ. ಆ ಹೆಣ್ಣುಮಗಳು ಇನ್ನು ಆ ಹೊಸ್ತಿಲು ತುಳಿಯುವಂತಿಲ್ಲ.

ಅದಕ್ಕೇ ಅವನು ಅವತ್ತು ಹಾಕಿಕೊಂಡಿದ್ದ ಬಡ್ಸನ್ನೇ ಸೀತಾಲಕ್ಷ್ಮಿ ಕೇಳಿ ತಂದಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಇಂಥ ಕೆಲಸಗಳೇ ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ನಂದಕುಮಾರ್ ಅವರ ಹಳೆಯ ವಿದ್ಯಾರ್ಥಿ. ಅಗ್ಗದ ಬಡ್ಸ್‌ಗಳನ್ನು ತರಿಸಿ, ಹಾಕಿ ನೋಡಿ, ಕೊಳ್ಳಬಹುದೇ ಬೇಡವೇ ಎಂದು ಕನ್ನಡದಲ್ಲಿ ಹೇಳುವ ಚಾನೆಲ್ ಅವನದು. ಅದಕ್ಕೆ 'ನಂದನ ಕಿವಿ' ಎಂದು ಹೆಸರಿಟ್ಟಿದ್ದ.

ಮೊದಲ ಸಲ ಹಾಕಿಕೊಂಡಾಗ ಎಲ್ಲ ಸದ್ದೂ ಹಾಗೇ ಕೇಳಿತ್ತು. ಟೋಪಿ ಸಣ್ಣದಾಯಿತು ಎಂದು ಸುಮೇಧ ದೊಡ್ಡದನ್ನು ಸಿಕ್ಕಿಸಿಕೊಟ್ಟಳು. ಕಿವಿಯ ತೂತು ಸರಿಯಾಗಿ ಮುಚ್ಚಿದ ಮೇಲೆಯೇ ಯಂತ್ರ ತನ್ನ ವಿದ್ಯೆ ತೋರಿದ್ದು. ಫ್ಯಾನು ಹೋಯಿತು. ಬೀದಿಯಲ್ಲಿ ನಿಂತು ಗುರುಗುಡುತ್ತಿದ್ದ ಬಸ್ಸು ಹೋಯಿತು.

"ಮಿಕ್ಸಿ ಹಾಕು," ಎಂದರು.

ಸುಮೇಧ ಅಡುಗೆಮನೆಯಲ್ಲಿ ಕಾಯಿಚಟ್ನಿಗೆ ಹಾಕಿದಳು. ಗುಡುಗಬೇಕಾದ ಮಿಕ್ಸಿ ಮೂರು ಮನೆಯಾಚೆ ಯಾರೋ ಗುನುಗಿದಂತೆ ಕೇಳಿತು. ಆದರೆ ತೆಂಗಿನಕಾಯಿಯ ಚೂರೊಂದು ಮುಚ್ಚಳಕ್ಕೆ ಬಡಿದ ಟಕ್ ಎಂಬ ಸದ್ದು ತಡೆಯಿಲ್ಲದೆ ಒಳಗೆ ಬಂತು.

ಸೀತಾಲಕ್ಷ್ಮಿಯ ಹುಬ್ಬು ಮೇಲೇರಿತು. ಅವರು ದೇವರಮನೆಯತ್ತ ಕೈ ತೋರಿದರು. ಸುಮೇಧ ಕೈ ತೊಳೆದು ಬಂದು ಪೂಜೆಯ ಗಂಟೆ ಅಲ್ಲಾಡಿಸಿದಳು. ಸಣ್ಣಗೆ, ತೆಳ್ಳಗೆ, ಆದರೆ ಸೂಜಿಯಷ್ಟು ನೇರವಾಗಿ ಗಂಟೆ ಕಿವಿಯೊಳಗೆ ಇಳಿಯಿತು.

"ಕೇಳಿಸ್ತಾ ಅತ್ತೆ?"

"ಚೆನ್ನಾಗಿ ಕೇಳಿಸ್ತು. ಒಂದೇ ಸಮ ಗೊಣಗೋರನ್ನ ಇದು ಸುಮ್ಮನಾಗಿಸುತ್ತೆ ಕಣೆ. ತಟ್ಟನೆ ಕರೆಯೋರನ್ನ ತಡೆಯೋಕೆ ಇದರ ಕೈಲಿ ಆಗಲ್ಲ."

ಹಾಗೆ ಹೇಳುವಾಗ ಅವರ ಮನಸ್ಸಿಗೆ ಏನೋ ಹಿತವಾಯಿತು. ಮನುಷ್ಯ ಎಷ್ಟೇ ಕಿವಿ ಮುಚ್ಚಿಕೊಳ್ಳಲಿ, ದೇವರು ಕರೆಯುವುದಕ್ಕೆ ಒಂದು ಸಂದು ಬಿಟ್ಟಿರುತ್ತಾನೆ ಎಂದುಕೊಂಡರು.

ಆದರೆ ಒಂದು ತೊಡಕಿತ್ತು. ಅವತ್ತು ಚಿತ್ರೀಕರಿಸಿದ ವೀಡಿಯೊವನ್ನು ನಂದಕುಮಾರ್ ಎಲ್ಲರಿಗೂ ತೋರಿಸಿದ್ದ. ಅದರಲ್ಲಿ ಅವನ ಮಾತು ಬಿಟ್ಟರೆ ಯಾವ ಗಂಟೆಯೂ ಇರಲಿಲ್ಲ. ಉಗ್ರಪ್ಪ ಅದನ್ನೇ ಎತ್ತಿ ಹಿಡಿದಿದ್ದ. ಗಂಟೆ ಆಗಿದ್ದರೆ ವೀಡಿಯೊದಲ್ಲಿ ಬರಬೇಕಿತ್ತಲ್ಲ?

ಸೀತಾಲಕ್ಷ್ಮಿ ಅದನ್ನೂ ನೋಡಿಯೇ ಬಿಡೋಣವೆಂದರು. ಸುಮೇಧಳನ್ನು ಫೋನ್ ಕೊಟ್ಟು ಹಿತ್ತಲಾಚೆಯ ಪಾರ್ಕಿಗೆ ಕಳಿಸಿದರು. ತಾವು ಬಡ್ಸ್‌ನಲ್ಲೇ ಅವಳಿಗೆ ಕರೆ ಮಾಡಿ, ಮಾತಾಡುತ್ತಾ ಮಾತಾಡುತ್ತಾ ಎಡಗೈಯಲ್ಲಿ ಗಂಟೆ ಹಿಡಿದು ಜೋರಾಗಿ ಬಾರಿಸಿದರು. ತಮ್ಮ ಕಿವಿಗೆ ಗಂಟೆ ಕೇಳುತ್ತಿದೆ. ಆ ಕಡೆ?

"ಯಾವ ಗಂಟೆ ಅತ್ತೆ? ನಿಮ್ಮ ಮಾತು ಮಾತ್ರ ಬರ್ತಿದೆ."

ಸೀತಾಲಕ್ಷ್ಮಿ ಗಂಟೆ ಕೆಳಗಿಟ್ಟು ದೇವರಿಗೆ ಕೈಮುಗಿದರು. ಹಾಕಿಕೊಂಡವನ ಕಿವಿಗೆ ಗಂಟೆ ಕೇಳುತ್ತದೆ. ಆದರೆ ಬಡ್ಸ್‌ನ ಮೈಕು ಮಾತನ್ನು ಉಳಿಸಿಕೊಂಡು ಸುತ್ತಲಿನದನ್ನೆಲ್ಲ ಅಳಿಸುತ್ತದೆ. ಅವತ್ತಿನ ವೀಡಿಯೊದ ಆರಂಭದಲ್ಲೇ ಅವನು ಹೇಳಿದ್ದ: ಫೋನಿನ ಮೈಕ್ ಬೇಡ ಗುರು, ಬಡ್ಸ್ ಮೈಕಲ್ಲೇ ರೆಕಾರ್ಡ್ ಮಾಡ್ತಿದೀನಿ, ಎಷ್ಟು ಕ್ಲಿಯರ್ ಆಗಿದೆ ನೀವೇ ನೋಡಿ.

"ಆ ವೀಡಿಯೊ ಇನ್ನೊಂದು ಸಲ ಹಾಕು. ಸದ್ದು ಪೂರ್ತಿ ತೆಗೆದುಬಿಡು," ಎಂದರು ಸುಮೇಧ ಬಂದ ಮೇಲೆ.

"ಸದ್ದಿಲ್ಲದೆ ಏನು ನೋಡ್ತೀರಾ?"

"ಪರೀಕ್ಷೆ ಹಾಲಲ್ಲಿ ನಾನು ಮಕ್ಕಳ ಮುಖ ನೋಡ್ತಾ ಇರ್ಲಿಲ್ಲ ಕಣೆ. ಕಾಲು ನೋಡ್ತಿದ್ದೆ. ಕಾಪಿ ಮಾಡೋನು ಮುಖ ಗಂಟಿಕ್ಕಿಕೊಂಡು ದೇವರ ಹಾಗೆ ಕೂತಿರ್ತಾನೆ. ಕಾಲು ಮಾತ್ರ ಕುಣೀತಿರುತ್ತೆ."

ಲ್ಯಾಪ್‌ಟಾಪಿನಲ್ಲಿ ನಂದಕುಮಾರ್ ಮೂಡಿದ. ತಾರಸಿಯಲ್ಲಿ ಗುಡಿಯ ಕಡೆಯ ಮೋಟುಗೋಡೆಗೆ ಕ್ಯಾಮೆರಾ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಕಾಣುವಷ್ಟು ದೂರದಲ್ಲಿ ನಿಂತಿದ್ದಾನೆ. ಕಿವಿ ಮುಟ್ಟಿ ತೋರಿಸುತ್ತಾನೆ, ನಗುತ್ತಾನೆ, ಕೈಯಾಡಿಸುತ್ತಾನೆ. ಒಂದು ಕಡೆ ಅವನ ಬಾಯಿ ಆಡುತ್ತಲೇ ಇದೆ, ಬಲಗಾಲು ಚಪ್ಪಲಿಯಿಂದ ಮೆಲ್ಲಗೆ ಹೊರಗೆ ಬಂತು. ಹಿಂದೆಯೇ ಎಡಗಾಲು. ಎರಡೂ ಪಾದ ಬಿಸಿಲಿನ ನೆಲಕ್ಕೆ ಊರಿದವು. ಸ್ವಲ್ಪ ಹೊತ್ತು. ಮತ್ತೆ ಚಪ್ಪಲಿಯೊಳಗೆ ಸೇರಿಕೊಂಡವು.

ವೀಡಿಯೊ ಮುಂದುವರಿಯಿತು. ಸ್ವಲ್ಪ ಹೊತ್ತಾದ ಮೇಲೆ ನಂದಕುಮಾರ್ ಕ್ಯಾಮೆರಾಗೆ ಬೆನ್ನು ತಿರುಗಿಸಿ, ದೂರದ ಮೆಟ್ರೋ ಸೇತುವೆಯತ್ತ ಬೆರಳು ತೋರಿಸಿ ಏನೋ ವಿವರಿಸಿದ. ರೈಲಿನ ಸದ್ದೂ ಕೇಳುವುದಿಲ್ಲ ಎನ್ನುತ್ತಿರಬೇಕು. ಸೀತಾಲಕ್ಷ್ಮಿ ಅಷ್ಟು ಹೊತ್ತಿಗೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು.

"ಆ ಚಪ್ಪಲಿ ಬಿಟ್ಟ ಕಡೆ ಅವನು ಏನು ಹೇಳ್ತಿದ್ದಾನೆ, ಅಷ್ಟು ಮಾತ್ರ ಕೇಳಿಸು."

ಸುಮೇಧ ಸದ್ದು ಏರಿಸಿದಳು.

"ಹೊರಗಿನ ಪ್ರಪಂಚಾನೇ ಇಲ್ಲ ಗುರು. ಫುಲ್ ಸೈಲೆಂಟ್," ಎಂದಿತು ನಂದಕುಮಾರನ ಬಾಯಿ.

*

ಸಾರಕ್ಕಿಯ ಆ ಅಂಗಳಕ್ಕೆ ಆಟೋ ಬರುವ ಹೊತ್ತಿಗೆ ಬಿಸಿಲು ಹದವಾಗಿತ್ತು. ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ ಮೂರು ಕಡೆ ಎದ್ದು ನಿಂತಿದ್ದರೂ ನಡುವೆ ಹೊಂಗೆಮರ, ಅದರಡಿ ಕಲ್ಲಿನ ಪುಟ್ಟ ಗುಡಿ, ಮೊದಲಿದ್ದ ಹಾಗೇ ಇದ್ದವು. ಒಂದು ಕಾಲಕ್ಕೆ ಇಲ್ಲಿ ರಾಗಿಯ ಹೊಲವಿತ್ತಂತೆ. ಹೊಲ ಹೋದರೂ ಹೊಲದಮ್ಮ ಜಾಗ ಬಿಟ್ಟು ಕದಲಿರಲಿಲ್ಲ.

ಶ್ವೇತ ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದಳು. ಸಿದ್ದಾಪುರದಲ್ಲಿ ಹುಟ್ಟಿ ಬೆಳೆದ ಹುಡುಗಿ, ಈ ಮನೆಗೆ ಬಂದು ಇನ್ನೂ ಎರಡು ದೀಪಾವಳಿ ಕಂಡಿಲ್ಲ. ಅತ್ತೆ ಇಲ್ಲದ ಶುಕ್ರವಾರ ಪೂಜೆ ನಿಲ್ಲಬಾರದೆಂದು ಮದುವೆಯ ಊಟ ಬಿಟ್ಟು ತಾನೇ ಉಳಿದಿದ್ದಳು. ಮೊದಲ ಸಲ ಒಬ್ಬಳೇ ಕಣ್ಣು ಕೂರಿಸಿದ ದಿನವೇ ಹೀಗಾಗಿತ್ತು.

ಕಣ್ಣಿಲ್ಲದ ಅಮ್ಮನಿಗೆ ನಾಳೆ ಹೂವೇಕೆ ಎಂದು ಉಗ್ರಪ್ಪನ ಮನೆಯವರು ಕೇಳಿದರಂತೆ. ಅವಳು ಕಟ್ಟುತ್ತಲೇ ಕೂತಿದ್ದಳಂತೆ. ಇವೆಲ್ಲವನ್ನೂ ಸೀತಾಲಕ್ಷ್ಮಿಗೆ ತಗ್ಗಿದ ದನಿಯಲ್ಲಿ ಹೇಳಿ, ಕೊನೆಗೆ ತಲೆಯೆತ್ತಿದಳು.

"ಊರೋರು ಅಂದಿದ್ದು ನಂಗೆ ಅಷ್ಟು ನೋವಾಗ್ಲಿಲ್ಲ ಮಿಸ್. ಇವ್ರು ಮೇಲೇ ಇದ್ರು. ನಾನು ಗಂಟೆ ಹೊಡೆದಿದ್ದು ಇವ್ರಿಗೆ ಕೇಳಿಸ್ಲಿಲ್ಲ ಅಂದ್ರಲ್ಲ, ಅದು."

ಸೀತಾಲಕ್ಷ್ಮಿ ಅವಳ ತಲೆ ಸವರಿ ಮೆಟ್ಟಿಲು ಹತ್ತಿದರು.

ತಾರಸಿಯ ಕೋಣೆಯೇ ನಂದಕುಮಾರನ ಕಾರ್ಯಾಲಯ. ಗೋಡೆಯ ತುಂಬ ಮರದ ಹಲಗೆ, ಹಲಗೆಯ ಮೇಲೆ ಬಡ್ಸ್ ಇಡುವ ಪುಟ್ಟ ಡಬ್ಬಿಗಳ ಸಾಲು: ಕಪ್ಪು, ನೀಲಿ, ಬಿಳಿ, ಒಂದು ಬಸಳೆ ಹಣ್ಣಿನ ಬಣ್ಣದ್ದು. ಎಲ್ಲವೂ ಎರಡು ಸಾವಿರದೊಳಗಿನವು. ಜೇಬು ಭಾರವಿಲ್ಲದವರಿಗಾಗಿಯೇ ತನ್ನ ಚಾನೆಲ್ ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ಒಂದು ಜೊತೆ ಬಿಳಿ ಬಡ್ಸ್ ಮಾತ್ರ ಡಬ್ಬಿಯಿಲ್ಲದೆ ಹಲಗೆಯ ಮೂಲೆಯಲ್ಲಿ ಬರಿದೇ ಬಿದ್ದಿತ್ತು.

"ಇದರ ಮನೆ ಎಲ್ಲೋ?" ಎಂದು ಸೀತಾಲಕ್ಷ್ಮಿ ಕೇಳಿದರು.

ಅದೇ ಗೊತ್ತಾಗ್ತಿಲ್ಲ ಎಂದ. ಒಂದು ವಾರದಿಂದ ಆ ಡಬ್ಬಿ ಕಾಣುತ್ತಿಲ್ಲ. ಕದಿಯುವವರು ಬಡ್ಸ್ ಒಯ್ಯಬೇಕು, ಡಬ್ಬಿ ಒಯ್ದು ಬಡ್ಸ್ ಬಿಟ್ಟು ಹೋಗುವುದು ಯಾವ ಕಳ್ಳತನ ಎಂದು ನಕ್ಕ. ಡಬ್ಬಿಯಿಲ್ಲದೆ ಚಾರ್ಜ್ ಆಗದು, ಹಾಗಾಗಿ ಎರಡೂ ಸತ್ತು ಬಿದ್ದಿವೆ.

ಸೀತಾಲಕ್ಷ್ಮಿ ಆ ಬಿಳಿ ಬಡ್ಸನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. ತಾವು ಒಯ್ದಿದ್ದ ಕಪ್ಪು ಡಬ್ಬಿಯನ್ನು ಚೀಲದಿಂದ ತೆಗೆದು ಅವನಿಗೆ ಕೊಟ್ಟರು.

"ಹೇಗಿತ್ತು ಮಿಸ್?" ಅವನ ಕಣ್ಣು ಅರಳಿತು. ಬೇರೆ ಎಲ್ಲ ಮರೆತ ಹುಡುಗನ ಮುಖ.

"ಚೆನ್ನಾಗಿದೆ ಕಣೋ. ಈ ಬೆಲೆಗೆ ಮೋಸ ಇಲ್ಲ. ನಮ್ಮನೆ ಫ್ಯಾನಿನ ಬಾಯಿ ಮುಚ್ಚಿಸ್ತು. ವೀಣೆ ಸ್ಪಷ್ಟವಾಗಿದೆ. ಮೃದಂಗದ ಎಡಗಡೆ ಮಾತ್ರ ಸ್ವಲ್ಪ ಊದಿಕೊಂಡಿದೆ."

"ಬಾಸ್ ಜಾಸ್ತಿ ಮಿಸ್. ಹುಡುಗ್ರಿಗೆ ಅದೇ ಬೇಕು. ಕಿವಿ ನೋವು ಬಂತಾ?"

"ಇಲ್ಲ. ದೊಡ್ಡ ಟೋಪಿ ಹಾಕಿಕೊಂಡೆ." ಅವರು ಡಬ್ಬಿಯತ್ತ ಕೈ ತೋರಿದರು. "ಗಂಟೆ ಕೇಳಿಸುತ್ತೆ ಕಣೋ ನಂದ, ಇದರಲ್ಲಿ."

ಅವನ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ಆಮೇಲೆ ಬೇಗ ಬೇಗ ಮಾತಾಡಿದ. ತನ್ನ ಕಿವಿಗೆ ಟೋಪಿ ಇನ್ನೂ ಬಿಗಿ ಕೂರುತ್ತೆ. ಅವತ್ತು ಹಾಡು ಜೋರಾಗಿ ಇಟ್ಟಿದ್ದೆ. ಆ ಕಡೆ ಎಲ್ಲೋ ಬೋರ್‌ವೆಲ್ ಕೊರೆಯುತ್ತಿದ್ದರು. ಎಲ್ಲರ ಕಿವಿಯೂ ಒಂದೇ ಥರ ಇರೋಲ್ಲ ಮಿಸ್.

ಸೀತಾಲಕ್ಷ್ಮಿ ಎಲ್ಲವನ್ನೂ ಕೇಳಿಸಿಕೊಂಡರು. ಕೆಳಗಿನ ಗುಡಿಯ ಗಂಟೆಯನ್ನು ಈಗಲೇ ಒಮ್ಮೆ ಬಾರಿಸಿ ಪರೀಕ್ಷೆ ಮಾಡಬಹುದಿತ್ತು. ಕಣ್ಣಿಲ್ಲದ ಅಮ್ಮನ ಮುಂದೆ ಒಂದು ಸುಳ್ಳನ್ನು ಹಿಡಿಯುವುದಕ್ಕಾಗಿ ಆ ಗಂಟೆ ಮುಟ್ಟಿಸಲು ಅವರಿಗೆ ಮನಸ್ಸು ಬರಲಿಲ್ಲ. ಫೋನ್ ತೆಗೆದು ವೀಡಿಯೊ ಹಾಕಿದರು. ಸದ್ದಿಲ್ಲದೆ.

"ನಿನ್ನ ಬಾಯಿ ಏನು ಹೇಳ್ತಿದೆ ಅನ್ನೋದು ನಂಗೆ ಬೇಡ. ಕಾಲು ನೋಡು."

ನಂದಕುಮಾರ್ ನೋಡಿದ. ಬಲಗಾಲು ಹೊರಗೆ. ಎಡಗಾಲು ಹೊರಗೆ. ಪಾದಗಳು ನೆಲಕ್ಕೆ.

ಅವನು ಕೋಣೆಯಿಂದ ಹೊರಬಂದು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತ.

"ನಿಮ್ಮಜ್ಜಿ ಕಲಿಸಿದ್ದು ಅಲ್ವೇನೋ ಅದು? ನಡೆಯೋಕೆ ಬರೋ ಮೊದಲೇ ಕಲಿಸಿರ್ತಾರೆ. ನೀನು ಮರೆತರೂ ಅದು ಮರೆಯಲ್ಲ. ಹೆಂಡತಿ ಒಂದು ವಾರದಿಂದ ತಲೆ ತಗ್ಗಿಸಿ ಕೂತಿದ್ದಾಳೆ. ಈಗ ಹೇಳು. ಗಂಟೆ ಆಯ್ತೋ ಇಲ್ವೋ?"

"ಆಯ್ತು ಮಿಸ್."

ಹಾಗಾದರೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ, ವೀಡಿಯೊ ಅದಾಗಲೇ ಹೊರಗೆ ಹೋಗಿತ್ತು ಎಂದ. ಏನೂ ಕೇಳಿಸಲ್ಲ ಅಂತ ಸಾವಿರಾರು ಜನಕ್ಕೆ ಹೇಳಿದವನು, ಮನೆಯಲ್ಲಿ ಗಂಟೆ ಕೇಳಿಸಿತು ಅಂದರೆ ತನ್ನ ಮಾತಿಗೆ ಬೆಲೆ ಎಲ್ಲಿ? ಮೊದಲು ಒಂದು ಸುಳ್ಳು ಬಾಯಿಗೆ ಬಂತು, ಆಮೇಲೆ ಉಗ್ರಪ್ಪ ಚಿಕ್ಕಪ್ಪ ಅದನ್ನೇ ಹಿಡಿದುಕೊಂಡ. ತಿರುಗಿಸಿ ಹೇಳಲು ನಾಲಗೆ ಏಳಲಿಲ್ಲ.

"ಅಷ್ಟೇನಾ?"

"ಅಷ್ಟೇ ಮಿಸ್."

ಆ ಅಷ್ಟೇ ಎಂಬುದು ಕೊಂಚ ಬೇಗ ಬಂತು ಎಂದು ಸೀತಾಲಕ್ಷ್ಮಿಗೆ ಅನಿಸಿತು. ಹೇಳುವಾಗ ಅವನು ಇವರನ್ನು ನೋಡಲಿಲ್ಲ, ಮೆಟ್ಟಿಲಿನತ್ತ ನೋಡಿದ. ಆದರೆ ಕೆಳಗೆ ಒಂದು ಹೆಣ್ಣುಜೀವ ಕಾದು ಕೂತಿತ್ತು. ಮೊದಲು ಅದು ಆಗಲಿ ಎಂದುಕೊಂಡು ಅವನನ್ನು ಎಬ್ಬಿಸಿದರು.

*

ನಂದಕುಮಾರ್ ಜಗಲಿಯ ಮುಂದೆ ನಿಂತು, ಅಪ್ಪ ಅಮ್ಮನ ಎದುರಿಗೇ ಹೇಳಿದ. ಗಂಟೆ ಕೇಳಿಸಿತ್ತು, ತಾನು ಸುಳ್ಳು ಹೇಳಿದೆ, ನಾಳೆ ಇದನ್ನೇ ಚಿಕ್ಕಪ್ಪನ ಮುಂದೆಯೂ ಹೇಳುತ್ತೇನೆ, ವೀಡಿಯೊವನ್ನೂ ತಿದ್ದಿ ಹಾಕುತ್ತೇನೆ.

ಶ್ವೇತ ಕಟ್ಟುತ್ತಿದ್ದ ಹೂವಿನ ದಾರ ಬಿಡಲಿಲ್ಲ.

"ಕೇಳಿಸಿತ್ತಾ?" ಎಂದಳು.

"ಕೇಳಿಸಿತ್ತು."

"ನಾನು ಚೆನ್ನಾಗಿ ಹೊಡೆದಿದ್ನಾ?"

"ನೀನು ನಮ್ಮಮ್ಮನ ಥರಾನೇ ಹೊಡೆದಿದ್ದೆ," ಎಂದ. ಅವಳು ಮುಖ ತಗ್ಗಿಸಿದಳು. ಈ ಸಲ ತಗ್ಗಿಸಿದ್ದು ನಗು ಮುಚ್ಚಿಕೊಳ್ಳಲು.

ಮನೆಯ ಯಜಮಾನ ತಿಮ್ಮರಾಯಪ್ಪ ಬೆತ್ತದ ಕುರ್ಚಿಯಲ್ಲಿ ನೀಳವಾಗಿ ಉಸಿರುಬಿಟ್ಟರು. ಕಣ್ಣು ಇನ್ನೂ ಸಿಕ್ಕಿಲ್ಲ, ನಿಜ. ಆದರೆ ಗಂಟೆ ಆಗಿದೆ ಎಂದಮೇಲೆ ಕಣ್ಣು ಕೂತಿತ್ತು. ಕಣ್ಣು ಕೂತಿತ್ತೆಂದ ಮೇಲೆ ಸೊಸೆ ತನ್ನ ಕೆಲಸ ಮಾಡಿದ್ದಾಳೆ. ಬೀಗದ ಕೈಯನ್ನು ಯಾರೂ ಕೇಳುವಂತಿಲ್ಲ. ಅವರ ಹೆಂಡತಿ ನಾರಾಯಣಮ್ಮ ಒಳಗಿನಿಂದ ಕಾಫಿ, ಚಕ್ಕುಲಿ ತಂದಿಟ್ಟು ಹೊಸ್ತಿಲ ಬಳಿ ನಿಂತರು. ಈ ಪತ್ತೆಗೆಂದು ಸೀತಾಲಕ್ಷ್ಮಿಯ ಮನೆ ಹುಡುಕಿಕೊಂಡು ಬಂದವರು ಅವರೇ. ಸೊಸೆಯ ಮೇಲೆ ಒಂದು ಮಾತೂ ಆಡಿರಲಿಲ್ಲ. ನನ್ನ ಸೊಸೆ ಸುಳ್ಳು ಹೇಳೋಳಲ್ಲ, ಅದನ್ನ ನೀವು ಊರಿಗೆ ತೋರಿಸಿಕೊಡಿ ಎಂದಷ್ಟೇ ಕೇಳಿಕೊಂಡಿದ್ದರು.

ಹೊಂಗೆಯ ನೆರಳು ಜಗಲಿಯ ಮೇಲೆ ಅಲ್ಲಾಡುತ್ತಿತ್ತು. ಕಾಫಿ ಬಿಸಿಯಾಗಿತ್ತು. ಸೀತಾಲಕ್ಷ್ಮಿಗೆ ಮನಸ್ಸು ತುಂಬಿದ ಹಾಗಾಯಿತು.

ತಿಮ್ಮರಾಯಪ್ಪನಿಗೆ ಹಳೆಯ ಸಂಗತಿಗಳು ನೆನಪಾದವು. ಗಂಟೆಗೆ ಚಪ್ಪಲಿ ಬಿಡುವ ಪದ್ಧತಿಯನ್ನು ಹೇಳಿದರು. ಹೊಲದಲ್ಲಿ ಗುದ್ದಲಿ ಹಿಡಿದವರು ಗುದ್ದಲಿ ಕೆಳಗಿಡುತ್ತಿದ್ದರಂತೆ, ಗಾಡಿ ಹೊಡೆಯುವವನು ಇಳಿದು ನಿಲ್ಲುತ್ತಿದ್ದನಂತೆ.

"ಅದು ಕಣ್ಣು ಕೂರಿಸೋ ಗಂಟೆ, ಮೇಡಮ್ಮೋರೆ. ಸಂಜೆ ಕಣ್ಣು ಕೀಳೋವಾಗ ಬೇರೆ. ಆಗ ಒಂದೇ ಏಟು. ಅಮ್ಮನ ಅಪ್ಪಣೆ ಕೇಳೋ ಏಟು ಅದು. ಅದು ಕೇಳಿದ್ರೆ ಗಂಡಸರು ಗುಡಿಗೆ ಬೆನ್ನು ಮಾಡಿ ನಿಂತ್ಕೋಬೇಕು. ಕಣ್ಣು ಕೀಳೋದನ್ನ ಗಂಡಸರು ನೋಡಬಾರ್ದು."

ಸೀತಾಲಕ್ಷ್ಮಿಯ ಲೋಟ ತುಟಿಯ ಬಳಿ ನಿಂತಿತು.

ಗುಡಿಯ ಕಡೆಯ ಮೋಟುಗೋಡೆ. ಅಲ್ಲಿ ಕ್ಯಾಮೆರಾ. ಅದರತ್ತ ಮುಖ ಮಾಡಿ ಮಾತಾಡುತ್ತಿದ್ದ ಹುಡುಗ, ಇದ್ದಕ್ಕಿದ್ದ ಹಾಗೆ ಬೆನ್ನು ತಿರುಗಿಸಿದ. ಎದುರಿಗಿದ್ದ ಯಾವುದನ್ನೋ ತೋರಿಸಬೇಕಲ್ಲ, ಮೆಟ್ರೋ ಸೇತುವೆ ತೋರಿಸಿದ.

ಅವನಿಗೆ ಅವತ್ತು ಕೇಳಿಸಿದ್ದು ಒಂದು ಗಂಟೆಯಲ್ಲ. ಕೂರಿಸುವ ಗಂಟೆ ಒಂದು. ಅದಾದ ಸ್ವಲ್ಪ ಹೊತ್ತಿಗೆ, ಕೀಳುವ ಏಟು ಇನ್ನೊಂದು.

ಅಪ್ಪಣೆ ಕೇಳಿ ಕೀಳುವ ಕಳ್ಳ ಎಲ್ಲಿದ್ದಾನೆ?

ಅವರು ಲೋಟ ಕೆಳಗಿಟ್ಟು, ಬಹಳ ಸಹಜವಾಗಿ, ಆ ಒಂದು ಏಟು ಹೊಡೆಯುವವರು ಯಾರು ಎಂದು ಕೇಳಿದರು. ಶ್ವೇತ ತನಗೆ ಅದನ್ನು ಇನ್ನೂ ಹೇಳಿಕೊಟ್ಟಿಲ್ಲ ಎಂದಳು.

"ಇವಳೇ," ಎಂದರು ತಿಮ್ಮರಾಯಪ್ಪ, ಹೆಂಡತಿಯ ಕಡೆ ಹೆಮ್ಮೆಯಿಂದ ಕೈ ತೋರಿಸಿ. "ನಮ್ಮವ್ವ ಇವಳಿಗೆ ಕಲಿಸಿ ಹೋದ್ಲು. ಈ ಊರಲ್ಲಿ ಇನ್ನೊಬ್ರಿಗೆ ಆ ಏಟು ಹೊಡೆಯೋ ಬಗೆ ಗೊತ್ತಿಲ್ಲ. ಉಗ್ರನ ಮನೆಯೋರ್ಗೂ ಗೊತ್ತಿಲ್ಲ."

ನಂದಕುಮಾರ್ ಅಂಗಳದ ಕಲ್ಲನ್ನು ನೋಡುತ್ತಾ ನಿಂತಿದ್ದ. ಮೊದಲ ಗಂಟೆ ಕೇಳಿತು ಎಂದರೆ ಎರಡನೆಯದರ ಮಾತು ಬರುತ್ತದೆ. ಎರಡನೆಯದರ ಮಾತು ಬಂದರೆ ತಾಯಿಯ ಹೆಸರು ಬರುತ್ತದೆ. ಆದ್ದರಿಂದಲೇ ಅವನು ಎರಡಕ್ಕೂ ಕಿವಿ ಮುಚ್ಚಿಕೊಂಡಿದ್ದ.

ನಾರಾಯಣಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು, ಮೇಡಮ್ಮೋರಿಗೆ ಹಿತ್ತಲಿನ ಕರಿಬೇವು ಕಿತ್ತುಕೊಡ್ತೀನಿ ಬನ್ನಿ ಎಂದು ಕರೆದರು. ಸೀತಾಲಕ್ಷ್ಮಿ ಹಿಂದೆ ಹೋದರು.

ಹಿತ್ತಲಲ್ಲಿ ಕರಿಬೇವಿನ ಗಿಡದ ಪಕ್ಕ ನಿಂತು ನಾರಾಯಣಮ್ಮ ಸೆರಗಿನ ತುದಿಯ ಗಂಟು ಬಿಚ್ಚಿದರು. ಒಳಗಿನಿಂದ ಬಿಳಿಯ ಪುಟ್ಟ ಡಬ್ಬಿಯೊಂದು ಹೊರಬಂತು. ಮೇಲಿನ ಹಲಗೆಯಲ್ಲಿ ಇಲ್ಲದ ಡಬ್ಬಿ.

"ಮದುವೆ ಮನೆಗೆ ಬಾಗಿನ ಮರೆತು ಹೋಗಿದ್ದೆ. ಆಟೋ ನಿಲ್ಲಿಸಿ ಪಕ್ಕದ ಗೇಟಿಂದ ಬಂದೆ. ಸೊಸೆ ಒಳಗೆ ಜೋರಾಗಿ ದೇವರ ಹಾಡು ಹಾಕ್ಕೊಂಡು ದೀಪ ಹಚ್ತಿದ್ಲು. ಅಮ್ಮನಿಗೆ ಕೈಮುಗಿದು ಹೋಗೋಣ ಅಂತ ಗುಡಿ ಹತ್ರ ಹೋದೆ." ಅವರು ಡಬ್ಬಿಯನ್ನು ಸೀತಾಲಕ್ಷ್ಮಿಯ ಅಂಗೈಯಲ್ಲಿಟ್ಟರು. "ಅವತ್ತು ರಾತ್ರಿ ಮೇಲಿನ ಕೋಣೆಯಿಂದ, ಎರಡು ಗುಳಿ ಇದೆ ಅಂತ ಇದನ್ನೇ ತಗೊಂಡೆ. ಎರಡೂ ಒಂದ್ಕಡೆ ಇರ್ಲಿ ಅಂತ."

ಸೀತಾಲಕ್ಷ್ಮಿ ಹೆಬ್ಬೆರಳಿನಿಂದ ಮುಚ್ಚಳ ಎತ್ತಿದರು.

ಎಡಗಡೆಯ ಗುಳಿಯಲ್ಲಿ, ಅಂಚಿಗೆ ಜೇನುಮೇಣ ಅಂಟಿಕೊಂಡ ಒಂದು ಬೆಳ್ಳಿ ಕಣ್ಣು. ಬಲಗಡೆಯ ಗುಳಿ ಖಾಲಿ.

"ನಾನು ಕಿತ್ತಿದ್ದು ಇದೊಂದೇ, ಮೇಡಮ್ಮೋರೆ. ನಾನು ನೋಡೋ ಹೊತ್ಗೇ ಇನ್ನೊಂದು ಇರ್ಲಿಲ್ಲ. ಒಂದೇ ಕಣ್ಣಿರೋ ಅಮ್ಮನ್ನ ಊರು ನೋಡಬಾರ್ದು. ನೋಡಿದೋರು ಬಾಯಿಬಿಟ್ಟು ಹೇಳಲೂಬಾರ್ದು. ಅದಕ್ಕೇ ಅಪ್ಪಣೆ ಕೇಳಿ ಇದನ್ನೂ ತೆಗೆದೆ."

ಸೀತಾಲಕ್ಷ್ಮಿ ಖಾಲಿ ಗುಳಿಯನ್ನೇ ನೋಡುತ್ತಿದ್ದರು. ಗಂಟೆ ಬಾರಿಸಿದ ಹೊತ್ತಿಗೂ ನಾರಾಯಣಮ್ಮ ಬಂದ ಹೊತ್ತಿಗೂ ನಡುವೆ ಒಂದು ದೀಪ ಹಚ್ಚುವಷ್ಟೇ ಸಮಯ. ಆಗ ಈ ಮನೆಯಲ್ಲಿ ಇದ್ದವರು ಇಬ್ಬರೇ.

ಮುಂದಿನ ಅಂಗಳದಿಂದ ನಂದಕುಮಾರ್ ಏನೋ ಹೇಳಿದ್ದೂ, ಶ್ವೇತ ಒಂದು ವಾರದ ಮೇಲೆ ಮೊದಲ ಸಲ ಬಾಯಿತುಂಬ ನಕ್ಕಿದ್ದೂ ಕೇಳಿಸಿತು.

ನಾರಾಯಣಮ್ಮ ಆ ನಗುವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಕರಿಬೇವಿನ ಎಸಳು ಮುರಿದು ಡಬ್ಬಿಯ ಮೇಲೆ ಮುಚ್ಚಿದರು.

"ನಾಳೆ ದಾಯಾದಿಗಳು ಸೇರೋಕ್ ಮುಂಚೆ ನಂಗೊಬ್ಳಿಗೆ ಹೇಳಿ. ಇವರಿಬ್ರಲ್ಲಿ ಯಾರು?"